ಕಡೀ ಸಿನಿಮಾ ಕೈ ಕೊಟ್ಟಾಗ

ಬಾಗಲಕೋಟೆ

ಚಿ. ತಮ್ಮನಿಗೆ ಕಾಕಾನ ಆಶೀರ್ವಾದ.

‘ಹಾಬಿಟ್’ ಮೂರನೇ ಸಿನಿಮಾ ನೋಡಿದ ಮ್ಯಾಲೆ ಮೊದಲಿನ ಎರಡೂ ಬ್ಯಾಡ ಅನಸಾಕತ್ತಾವು ಅಂತ ಬರದೀಯಲ್ಲ, ಅದಕ್ಕ ಈ ಕಾಗದ. ನಿನ್ನ ಬ್ಯಾಸರ ಖರೇವ ಐತಿ. ಆದರ ಎಲ್ಲಿ ಕೆಟ್ಟತು ಅಂತ ನೋಡದ ಎಲ್ಲಾನೂ ಒಗೀಬ್ಯಾಡ.

ಈ ಸಿನಿಮಾಗಳ ಮೂಲ ಟೋಲ್ಕೀನರ ‘ಹಾಬಿಟ್’ ಪುಸ್ತಕ, ಅದು 1937ರದು, ಮುನ್ನೂರು ಪುಟದ ಆಜೂಬಾಜೂ, 19 ಅಧ್ಯಾಯ. ಎರಡ ಸಿನಿಮಾ ಅಂತ ಶುರು ಮಾಡಿ, 2012ರ ಜುಲೈದಾಗ ಮೂರು ಅಂತ ಸಾರಿದ್ರು. ಥೇಟರಿಗೆ ಬಂದ ಮೂರೂ ಕೂಡಿ 474 ನಿಮಿಷ. ಮೊದಲ ನಿರ್ದೇಶಕರಾಗಬೇಕಿದ್ದ ಗಿಯೆರ್ಮೊ ಡೆಲ್ ಟೋರೊ 2010ರಾಗ ಬಿಟ್ಟು ಹೋದ್ರು, ಹೊಣೆ ಪೀಟರ್ ಜಾಕ್ಸನ್ ಮ್ಯಾಲೆ ಬಿತ್ತು. ತಯಾರಿಗೆ ವ್ಯಾಳೆ ಸಾಲಲಿಲ್ಲ ಅಂತ ಅವರ ಹೇಳ್ಯಾರ.

ಪೆಟ್ಟು ಬಿದ್ದದ್ದು ಎಲ್ಲಿ ನೋಡು. ಎರಡನೇ ಭಾಗ ಬೆಂಕಿ ಉಗುಳೂ ಡ್ರ್ಯಾಗನ್ ಸ್ಮಾಗ್ ಸರೋವರದ ಊರಿನ ಕಡೆ ಹಾರೂದಕ್ಕ ನಿಲ್ಲತೈತಿ. ಅದು ಸಾಯೂದು ಮೂರನೇದರ ಮೊದಲ ಹದಿನೈದು ನಿಮಿಷದಾಗ. ಅಂದ್ರ ಎರಡನೇದಕ್ಕ ಮುಕ್ತಾಯ ಇಲ್ಲ, ಮೂರನೇದಕ್ಕ ಸರಿಯಾದ ಆರಂಭ ಇಲ್ಲ. ಉಳದದ್ದೆಲ್ಲಾ ಸ್ಮಾಗ್ ಕಾಯ್ದಿದ್ದ ಬಂಗಾರದ ಸಲುವಾಗಿ ಯುದ್ಧ ಮತ್ತ ಅದರ ತಯಾರಿ. ಪುಸ್ತಕದಾಗ ಆ ಯುದ್ಧ 17ನೇ ಅಧ್ಯಾಯಕ್ಕ ಬರತೈತಿ. ಕತಿಯ ನಾಯಕ, ಗಿಡ್ಡ ಹಾಬಿಟ್ ಬಿಲ್ಬೋನ ತಲಿಗೆ ಕಲ್ಲ ಬಡದು ಎಚ್ಚರ ತಪ್ಪತೈತಿ, ಏನಾತು ಅನ್ನೂದು ಅವಗ ಆಮ್ಯಾಲೆ ಗೊತ್ತಾಗತೈತಿ. ಟೋಲ್ಕೀನ್ ಸ್ವತಃ ಯುದ್ಧ ಕಂಡವರು. ಆದರೂ ಇಲ್ಲಿ ಅದನ್ನ ಸಣ್ಣದ ಇಟ್ರು, ಯಾಕಂದ್ರ ಕತಿ ಬಿಲ್ಬೋಂದು.

ಹಿಗ್ಗಿಸೂದ ತಪ್ಪಲ್ಲ. ನಮ್ಮ ಕಡೆ ಶ್ರೀಕೃಷ್ಣ ಪಾರಿಜಾತ ಬೆಳತನಕ ನಡೀತೈತಿ. ಕತಿ ಎಷ್ಟರದು? ಒಂದು ಹೂವಿನ ಸಲುವಾಗಿ ಸತ್ಯಭಾಮಿ ಮುನಿಸು. ಆದರ ಅಲ್ಲಿ ಬೆಳೆಯೂದು ಆಕಿ ಮನಸ್ಸು. ಇಲ್ಲಿ ಬೆಳೆಸಿದ್ದು ದಂಡು. ಪುಸ್ತಕದಾಗ ಇಲ್ಲದ ಟೌರಿಯಲ್, ಲೆಗೊಲಾಸ್, ಆಲ್ಫ್ರಿಡ್ ಅನ್ನೂ ಪಾತ್ರಗಳು ಬಂದು ಕುಂತ್ವು. ಬಿಲ್ಬೋ ತನ್ನ ಕತಿಯಾಗ ಮೂಲಿ ಹಿಡದ. ಆ ಆಲ್ಫ್ರಿಡ್‌ನ ನಗಿಚಾಟಿಗಿ ಅಷ್ಟು ವ್ಯಾಳೆ ಕೊಟ್ಟದ್ದಂತೂ ನನಗ ಒಪ್ಪಿಗಿ ಇಲ್ಲ.

ಆದರೂ ಎರಡು ಜಾಗಾ ಬಿಡಬ್ಯಾಡ. ಬಂಗಾರದ ಹುಚ್ಚು ಹತ್ತಿದ ಕುಬ್ಜರ ರಾಜಾ ಥೋರಿನ್‌, ಬಿಲ್ಬೋನ ಮುಷ್ಟಿಯಾಗ ಏನೈತಿ ತೋರ್ಸು ಅಂತಾನ. ಕೈ ತಗದ್ರ ಓಕ್ ಮರದ ಒಂದು ಬೀಜ, ಊರಿಗೆ ಹೋಗಿ ನೆಡಾಕ ಇಟ್ಟದ್ದು. ಥೋರಿನ್ ನಗ್ತಾನ, ಹಳೇ ಗೆಳೆಯ ತಿರುಗಿ ಬಂದ ಅನಸತೈತಿ. ಅಷ್ಟರಾಗ ಅವನ ಸಂಗಾತಿ ಡ್ವಾಲಿನ್ ಬಂದು, ಊರು ಸುಟ್ಟು ಉಳದ ಮಂದಿ ಬಾಜೂಕಿನ ಹಾಳೂರು ಡೇಲ್‌ಗೆ ಬರಾಕತ್ತಾರ ಅಂತಾನ, ಮುಖ ಮತ್ತ ಬಿಗೀತೈತಿ. ಇನ್ನೊಂದು, ಯುದ್ಧ ಮುಗದ ಮ್ಯಾಲೆ ಮಾಂತ್ರಿಕ ಗ್ಯಾಂಡಾಲ್ಫ್ ಬಿಲ್ಬೋನ ಬಾಜೂಕ ಕುಂತು ಸುಮ್ಮನ ತಂಬಾಕದ ಪೈಪ್ ಕೆರೆಯೂದು. ಒಂದು ಮಾತಿಲ್ಲ. ಸಿನಿಮಾ ಇಡೀ ಹಿಂಗ ಇರಬೇಕಿತ್ತು.

ಈಗ ಹಿಂಗ ಮಾಡು. ಸೂಟಿ ಸಿಕ್ಕಾಗ ಎರಡನೇ ಭಾಗ ನೋಡಿ, ಎದ್ದು ಹೋಗದ ಮೂರನೇದು ಹಚ್ಚಿ, ಸ್ಮಾಗ್ ನೀರಿಗೆ ಬೀಳೂತನಕ ನೋಡು, ಅಲ್ಲೇ ನಿಲ್ಲಿಸು. ಮರುದಿನದಿಂದ ಪುಸ್ತಕದ 14ರಿಂದ 19ನೇ ಅಧ್ಯಾಯ ಓದು, ಅವಸರ ಮಾಡಬ್ಯಾಡ. ಆಮ್ಯಾಲೆ ಮೂರನೇದರ 164 ನಿಮಿಷದ ದೊಡ್ಡ ಆವೃತ್ತಿ ನೋಡು. ಯುದ್ಧ ಅದರಾಗ ಇನ್ನೂ ಉದ್ದ ಐತಿ, ಬ್ಯಾಸರಾದ್ರ ಮುಂದ ಓಡಿಸು. ಆದರ ಥೋರಿನ್‌ನ ಅಂತ್ಯಕ್ರಿಯೆ ಅದರಾಗಷ್ಟ ಐತಿ. ಥೇಟರಿನ ಪ್ರತಿಯಾಗ ಅದನ್ನ ಕತ್ತರಿಸಿದ್ದಕ್ಕ ದುಃಖ ಕುಂದ್ರಾಕ ಜಾಗಾ ಇಲ್ಲದಂಗ ಆಗೇತಿ. ನಿನಗ ಕಡೀಕ ಖಾಲಿ ಖಾಲಿ ಅನಿಸಿದ್ದಕ್ಕ ಇದೂ ಒಂದು ಕಾರಣ ಇರಬೇಕು.

ಓದುವಾಗ 18ನೇ ಅಧ್ಯಾಯದಾಗ ಗಾಯಗೊಂಡ ಥೋರಿನ್ ಬಿಲ್ಬೋನ ಕ್ಷಮಾ ಕೇಳೂದನ್ನ, ಸಿನಿಮಾದಾಗ ಮಂಜುಗಡ್ಡಿ ಮ್ಯಾಲೆ ಅದ ಮಾತು ಆಡೂದನ್ನ ಜೋಡಿಸಿ ನೋಡು. ಯಾವುದು ನಿನಗ ಹಿಡಿಸ್ತು, ಯಾಕ ಹಿಡಿಸ್ತು, ಅದನ್ನ ಮುಂದಿನ ಕಾಗದದಾಗ ಬರಿ.

ನಿನ್ನ ಕಾಕಾ