ನಡೆಯೋಕೆ ನೆರಳು, ಕೂರೋಕೆ ಕಟ್ಟೆ: ಕೊಪ್ಪಳ ನಗರಸಭೆಗೆ ನಿವಾಸಿಗಳ ಮನವಿ

ಗೆ,
ಮಾನ್ಯ ಅಧ್ಯಕ್ಷರು, ಪೌರಾಯುಕ್ತರು ಮತ್ತು ಎಲ್ಲ ವಾರ್ಡ್ ಸದಸ್ಯರು,
ನಗರಸಭೆ, ಕೊಪ್ಪಳ

ಇಂದ,
ಜವಾಹರ ರಸ್ತೆ, ಗಡಿಯಾರ ಕಂಬ, ಗವಿಮಠದ ಕಡೆಯ ಓಣಿಗಳ ನಿವಾಸಿಗಳು ಮತ್ತು ದಿನಾ ಈ ದಾರಿಯಲ್ಲಿ ನಡೆದು ಹೋಗುವವರು

ವಿಷಯ: ಊರೊಳಗಿನ ಮುಖ್ಯ ದಾರಿಗಳಲ್ಲಿ ನೆರಳು, ಸಮತಟ್ಟಾದ ಫುಟ್‌ಪಾತ್, ಕೂರಲು ಕಟ್ಟೆ, ಕುಡಿಯುವ ನೀರು ಮತ್ತು ಶೌಚಾಲಯ ಒದಗಿಸುವ ಬಗ್ಗೆ.

ಮಾನ್ಯರೇ,

ಈ ಮನವಿ ಬರೆಯೋಣ ಅಂತ ಕೂತಾಗ ಮೊದಲು ನಮ್ಮ ಮಾತಿಗೆ ಬಂದದ್ದು ಕರಿಬೇವು, ಕೊತ್ತಂಬರಿ ಮಾರುವ ಒಬ್ಬ ಅಜ್ಜಿ. ಬೆಳಿಗ್ಗೆ ಬಂದವರು ಒಂದು ಅಂಗಡಿ ಗೋಡೆಯ ನೆರಳಿಗೆ ಬುಟ್ಟಿ ಇಟ್ಟುಕೊಳ್ಳುತ್ತಾರೆ. ಹತ್ತು ಗಂಟೆಗೆ ನೆರಳು ಸರಿಯುತ್ತದೆ, ಅಜ್ಜಿಯೂ ಸರಿಯುತ್ತಾರೆ. ಹನ್ನೊಂದಕ್ಕೆ ಉಳಿಯುವುದು ಲೈಟ್ ಕಂಬದ ನೆರಳು ಮಾತ್ರ. ಅದು ಒಂದು ಗೇಣು ಅಗಲ. ಅದರಲ್ಲಿ ಸೊಪ್ಪು ಇಡುತ್ತಾರೆ, ತಾವು ತಲೆ ಮೇಲೆ ಸೆರಗು ಎಳೆದುಕೊಂಡು ಬಿಸಿಲಿಗೆ ಕೂರುತ್ತಾರೆ. ಸೊಪ್ಪು ಬಾಡಿದರೆ ಯಾರೂ ಕೊಳ್ಳಲ್ಲ ಅಲ್ವಾ.

ನಮ್ಮ ಕಡೆ ಬಿಸಿಲು ಎಂಥದ್ದು ಅಂತ ಸರ್ಕಾರಕ್ಕೆ ಗೊತ್ತಿದೆ. ಅದಕ್ಕೇ ಏಪ್ರಿಲ್, ಮೇ ತಿಂಗಳಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಕಚೇರಿಗಳ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಅಂತ ಬದಲಾಗುತ್ತದೆ. ಇದು ಸರಿಯಾದ ಕ್ರಮ, ನಾವು ತಕರಾರು ಮಾಡುತ್ತಿಲ್ಲ. ಆದರೆ ಆ ಕಚೇರಿಗೆ ಅರ್ಜಿ ಹಿಡಿದು ಹಳ್ಳಿಯಿಂದ ಬಂದವರು 1.30ಕ್ಕೆ ಹೊರಗೆ ಬಂದರೆ ಬಸ್ ಸಿಗುವವರೆಗೆ ಎಲ್ಲಿ ನಿಲ್ಲಬೇಕು? ತಳ್ಳುಬಂಡಿಯವರಿಗೆ, ಗಟಾರು ತೆಗೆಯುವ ಪೌರಕಾರ್ಮಿಕರಿಗೆ, ಆಟೊದವರಿಗೆ, ಪರೀಕ್ಷೆ ಮುಗಿಸಿ ಬರುವ ಮಕ್ಕಳಿಗೆ ಬೇರೆ ಸಮಯ ಇಲ್ಲ. ಅವರಿಗೆ ಬೇಕಿರುವುದು ನೆರಳು. ನಲ್ಲಿ ನೀರು, ಬೀದಿ ದೀಪ ಹೇಗೋ ನಮ್ಮೂರಿಗೆ ನೆರಳೂ ಹಾಗೇ ಒಂದು ಮೂಲ ಸೌಕರ್ಯ. ಆ ಸಾಲಿನಲ್ಲಿ ಅದನ್ನೂ ಸೇರಿಸಿ ಅಂತ ಕೇಳುವುದಕ್ಕೇ ಈ ಮನವಿ.

ಕೊಪ್ಪಳದಲ್ಲಿ ನೆರಳಿನ ಮಾತು ಹೊಸದೇನಲ್ಲ. ಗವಿಮಠದ ಗುಡ್ಡದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ, ಅದಕ್ಕೇ ನಮ್ಮ ಸರ್ಕಲ್ಲಿಗೆ ಅಶೋಕನ ಹೆಸರು. ಈಗ ದೆಹಲಿಯಲ್ಲಿರುವ ಅವನ ಒಂದು ಕಂಬದ ಶಾಸನದಲ್ಲಿ, ಮನುಷ್ಯರಿಗೂ ಪ್ರಾಣಿಗಳಿಗೂ ನೆರಳಾಗಲಿ ಅಂತ ದಾರಿಗುಂಟ ಆಲದ ಮರ ನೆಡಿಸಿದೆ, ಬಾವಿ ತೋಡಿಸಿದೆ, ತಂಗಲು ಜಾಗ ಮಾಡಿಸಿದೆ ಅನ್ನುವ ಮಾತಿದೆ. ಇದನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಬಾಯಿಪಾಠ ಮಾಡುತ್ತಾರೆ. ಶಾಲೆ ಬಿಟ್ಟು ಅದೇ ಸರ್ಕಲ್ ದಾಟಿ ಮನೆಗೆ ಬರುವಾಗ ತಲೆ ಮೇಲೆ ಪಾಟೀಚೀಲ ಇಟ್ಟುಕೊಂಡು ಓಡುತ್ತಾರೆ.

ನಮ್ಮೂರು 1997ರಲ್ಲಿ ಜಿಲ್ಲಾ ಕೇಂದ್ರ ಆಯಿತು. 2011ರ ಜನಗಣತಿ ಹೊತ್ತಿಗೆ ಊರಿನ ಜನ ಸುಮಾರು 70 ಸಾವಿರ, ಈಗ ಜಾಸ್ತಿ ಆಗಿದ್ದಾರೆ. ಭಾಗ್ಯನಗರದಿಂದ, ಹಳ್ಳಿಗಳಿಂದ ದಿನಾ ಬಂದು ಹೋಗುವವರು ಬೇರೆ. ತಾಲೂಕು ಊರು ಇದ್ದಾಗಿನ ರಸ್ತೆಗಳೇ ಈಗ ಜಿಲ್ಲೆಯ ಭಾರ ಹೊರುತ್ತಿವೆ. ರಸ್ತೆ ಅಗಲ ಮಾಡುವಾಗೆಲ್ಲ ಮೊದಲು ಹೋಗುವುದು ಮರ, ಆಮೇಲೆ ಕಟ್ಟೆ, ಕೊನೆಗೆ ಫುಟ್‌ಪಾತ್. ಉಳಿದ ಡಾಂಬರು, ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಝಳ ಬಿಡುತ್ತದೆ. ಮೇ ತಿಂಗಳ ರಾತ್ರಿ ಒಂಬತ್ತಕ್ಕೆ ಬರಿಗಾಲಲ್ಲಿ ರಸ್ತೆ ಮೇಲೆ ನಿಂತು ನೋಡಿ, ಗೊತ್ತಾಗುತ್ತದೆ.

ನಡೆಯುವವರಿಗೆ ಅನುಕೂಲ ಮಾಡುವುದು ಹೇಗೆ ಅಂತ ಕೊಪ್ಪಳಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಪ್ರತಿ ವರ್ಷ ಪುಷ್ಯ ಮಾಸದಲ್ಲಿ ಗವಿಸಿದ್ಧೇಶ್ವರ ಜಾತ್ರೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಹಳ್ಳಿ ಹಳ್ಳಿಯಿಂದ ರೊಟ್ಟಿ ಬರುತ್ತದೆ, ದಾಸೋಹ ನಡೆಯುತ್ತದೆ. ಆ ದಿನಗಳಲ್ಲಿ ಗಾಡಿಗಳನ್ನು ಊರ ಹೊರಗೇ ನಿಲ್ಲಿಸುತ್ತೀರಿ, ದಾರಿಗುಂಟ ನೀರು ಇಡುತ್ತೀರಿ, ದೀಪ ಹಾಕುತ್ತೀರಿ, ತಾತ್ಕಾಲಿಕ ಶೌಚಾಲಯ ನಿಲ್ಲಿಸುತ್ತೀರಿ, ಪೌರಕಾರ್ಮಿಕರು ಹಗಲು ರಾತ್ರಿ ಗುಡಿಸುತ್ತಾರೆ. ಅಜ್ಜಂದಿರು, ಕೂಸು ಎತ್ತಿಕೊಂಡ ತಾಯಂದಿರು, ಕೋಲೂರಿ ಬರುವವರು, ಎಲ್ಲರೂ ಆರಾಮಾಗಿ ನಡೆಯುತ್ತಾರೆ. ಜಾತ್ರೆಯಲ್ಲಿ ಇಷ್ಟೆಲ್ಲ ಮಾಡುವ ಊರಿಗೆ ಉಳಿದ ದಿನ ಇದರ ಸ್ವಲ್ಪ ಭಾಗವಾದರೂ ಆಗದೇ ಇರುತ್ತದಾ? ಗವಿಮಠದ ದಾರಿ, ಜವಾಹರ ರಸ್ತೆ, ಅಶೋಕ ಸರ್ಕಲ್, ಬಸ್ ನಿಲ್ದಾಣ. ಇಷ್ಟನ್ನು ಒಂದು ನಡಿಗೆ ದಾರಿ ಅಂತ ಹಿಡಿದು ಮೊದಲು ಇದನ್ನು ಸರಿ ಮಾಡಿ. ಇಡೀ ಊರನ್ನು ಒಮ್ಮೆಗೇ ಮುಟ್ಟಬೇಡಿ. ಒಂದು ದಾರಿ ಪೂರ್ತಿ ಆಗಲಿ.

ಫುಟ್‌ಪಾತ್ ವಿಚಾರ. ನಮ್ಮಲ್ಲಿ ಒಬ್ಬರ ತಾಯಿ ಹೋದ ಮಳೆಗಾಲದಲ್ಲಿ ಗಟಾರಿನ ಮೇಲೆ ಮುಚ್ಚಿದ ಪರ್ಸಿ ಕಲ್ಲು ಅಲುಗಾಡಿ ಬಿದ್ದರು. ಪರ್ಸಿಯ ಒಂದು ಮೂಲೆ ಕೆಳಗೆ ಇಳಿದಿತ್ತು, ಮೇಲೆ ನೀರು ನಿಂತಿದ್ದರಿಂದ ಕಾಣಲಿಲ್ಲ. ಮಂಡಿ ಚಿಪ್ಪು ಒಡೆಯಿತು. ಆವತ್ತಿನಿಂದ ಅವರು ಗುಡಿಗೆ ಹೋಗುವುದು ಬಿಟ್ಟರು. ಕಾಲು ವಾಸಿ ಆಗಿದೆ, ಧೈರ್ಯ ವಾಸಿ ಆಗಿಲ್ಲ. ಯಾರ ಕೆಲಸ, ಯಾವ ಬಿಲ್ಲು ಅಂತ ಹುಡುಕೋಕೆ ಇದನ್ನು ಬರೆಯುತ್ತಿಲ್ಲ. ಫುಟ್‌ಪಾತ್ ಹೇಗಿರಬೇಕು ಅಂತ ಪುಸ್ತಕದಲ್ಲೇ ಇದೆ. ರಸ್ತೆ ಹೇಗಿರಬೇಕು ಅಂತ ನಿಯಮ ಬರೆಯುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪಾದಚಾರಿಗಳಿಗಾಗಿ 2012ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ಅಡ್ಡಿ ಇಲ್ಲದೆ ನಡೆಯುವ ಜಾಗ ಕನಿಷ್ಠ 1.8 ಮೀಟರ್ ಇರಬೇಕು, ಅಂಚುಕಲ್ಲು 150 ಮಿಲಿಮೀಟರ್‌ಗಿಂತ ಎತ್ತರ ಇರಬಾರದು ಅಂತ ಹೇಳಿದೆ. 1.8 ಮೀಟರ್ ಅಂದರೆ ಎದುರುಬದುರಾಗಿ ಬಂದ ಎರಡು ಗಾಲಿಕುರ್ಚಿ ದಾಟುವಷ್ಟು ಜಾಗ. ನಮ್ಮ ಓಣಿಯ ಕಡೆ ಕೆಲವು ಫುಟ್‌ಪಾತ್ ಎಷ್ಟು ಎತ್ತರ ಇವೆ ಅಂದರೆ, ವಯಸ್ಸಾದವರು ಹತ್ತೋಕೆ ಆಗದೆ ರಸ್ತೆಯಲ್ಲೇ ನಡೆಯುತ್ತಾರೆ, ಹಿಂದಿನಿಂದ ಬೈಕು ಹಾರ್ನ್ ಹೊಡೆಯುತ್ತದೆ. ಇಳಿಜಾರು ಮಾಡುವಾಗಲೂ ಸುಮ್ನೆ ಒಂದು ಬಾಂಡಲಿ ಸಿಮೆಂಟ್ ಸುರಿದರೆ ಆಗಲ್ಲ. ಒಂದು ಅಡಿ ಏರೋಕೆ ಹನ್ನೆರಡು ಅಡಿ ಉದ್ದ ಬೇಕು, ಅದಕ್ಕಿಂತ ಕಡಿದಾದರೆ ಗಾಲಿಕುರ್ಚಿ ಹಿಂದಕ್ಕೆ ಜಾರುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದನ್ನು ದಯೆ ಅಂತ ಹೇಳಿಲ್ಲ, ಹಕ್ಕು ಅಂತ ಹೇಳಿದೆ. ನಗರಸಭೆ ಬಜೆಟ್‌ನಲ್ಲಿ ಅಂಗವಿಕಲರಿಗೆ ಅಂತ ಶೇ 5 ತೆಗೆದಿಡುತ್ತೀರಿ. ಒಂದಷ್ಟು ಭಾಗ ಈ ದಾರಿಗೆ ಬರಲಿ. ಎಲ್ಲಿ ಇಳಿಜಾರು ಬೇಕು ಅಂತ ಎಂಜಿನಿಯರ್ ಒಬ್ಬರೇ ತೀರ್ಮಾನಿಸುವುದು ಬೇಡ. ತ್ರಿಚಕ್ರ ಸೈಕಲ್ಲಿನಲ್ಲಿ ಓಡಾಡುವ ಅಣ್ಣಂದಿರು, ಕಣ್ಣು ಕಾಣದ ಅಕ್ಕಂದಿರು ಊರಲ್ಲಿದ್ದಾರೆ, ಅವರ ಜೊತೆ ಒಂದು ಸಲ ಆ ದಾರಿ ನಡೆದು ನೋಡಿ ಗುರುತು ಹಾಕಿ.

ಇನ್ನು ಮರಗಳು. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇವೆ, ತಾಳ್ಮೆಯಿಂದ ಓದಿ.

ಪ್ರತಿ ಜೂನ್ ತಿಂಗಳಲ್ಲಿ ಸಸಿ ನೆಡುವುದು ನಡೆಯುತ್ತದೆ, ಫೋಟೊ ಬರುತ್ತದೆ, ಮುಂದಿನ ಮಾರ್ಚ್ ಹೊತ್ತಿಗೆ ಬೇಲಿ ಮಾತ್ರ ಇರುತ್ತದೆ. ನಮ್ಮದು ಮಳೆ ಕಡಿಮೆ ಇರುವ ನೆಲ, ಕಲ್ಲು ನೆಲ. ಇಲ್ಲಿ ಸಸಿ ಬದುಕಬೇಕಾದರೆ ಮೊದಲ ಎರಡು ಮೂರು ಬೇಸಿಗೆ ನೀರು ಹಾಕಲೇಬೇಕು. ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ಹುಲಿಕಲ್ ದಾರಿಯಲ್ಲಿ ಆಲದ ಸಸಿ ನೆಟ್ಟು ಅಷ್ಟಕ್ಕೇ ಬಿಡಲಿಲ್ಲ, ಕೊಡದಲ್ಲಿ ನೀರು ಹೊತ್ತರು, ದನ ತಿನ್ನದ ಹಾಗೆ ಮುಳ್ಳು ಕಟ್ಟಿದರು. ಹಾಗಾಗಿ ನಮ್ಮ ಬೇಡಿಕೆ, ಸಾವಿರ ಸಸಿ ಬೇಡ. ನೂರು ನೆಡಿ, ನೂರೂ ಬದುಕಲಿ. ಟೆಂಡರ್ ಕೊಡುವಾಗ ನೆಟ್ಟದ್ದಕ್ಕೆ ಪೂರ್ತಿ ಹಣ ಕೊಡಬೇಡಿ. ಮೂರನೇ ವರ್ಷ ಜೀವಂತ ಇರುವ ಗಿಡ ಎಣಿಸಿ ಕೊನೆಯ ಕಂತು ಕೊಡಿ. ನಮ್ಮ ಓಣಿಯವರು ಎದುರಿನ ಗಿಡಕ್ಕೆ ನೀರು ಹಾಕೋಕೆ ತಯಾರಿದ್ದೇವೆ. ಬರೀ ಮಾತಿಗೆ ಹೇಳುತ್ತಿಲ್ಲ. 2019ರಲ್ಲಿ ಗವಿಮಠದ ಸ್ವಾಮೀಜಿ ಮುಂದೆ ನಿಂತಾಗ ಹಿರೇಹಳ್ಳದ ಹೂಳು ತೆಗೆಯೋಕೆ ಇದೇ ಊರಿನವರು, ಹಳ್ಳಿಯವರು ಬಂದು ನಿಂತಿದ್ದನ್ನು ನೀವೂ ನೋಡಿದ್ದೀರಿ.

ಯಾವ ಮರ ಅನ್ನುವುದೂ ಮುಖ್ಯ. ಬೇಗ ಬೆಳೆಯುತ್ತದೆ, ಹಸಿರಾಗಿ ಕಾಣುತ್ತದೆ ಅಂತ ಕೊನೊಕಾರ್ಪಸ್ ಅನ್ನುವ ಹೊರದೇಶದ ಗಿಡ ತರಬೇಡಿ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿದೆ. ಚಂದಕ್ಕೆ ಅಂತ ತಾಳೆ ಜಾತಿಯ ಗಿಡಗಳೂ ಬೇಡ, ಅವುಗಳ ನೆರಳು ಅವುಗಳ ಬುಡಕ್ಕೇ ಸಾಲಲ್ಲ. ಹೊಂಗೆ, ಬೇವು ನೆಡಿ. ಹೊಂಗೆ ಚಳಿಗಾಲ ಮುಗಿಯುವಾಗ ಎಲೆ ಉದುರಿಸಿ, ಯುಗಾದಿ ಹೊತ್ತಿಗೆ ಹೊಸ ಎಲೆ ತುಂಬಿಕೊಂಡು ನಿಲ್ಲುತ್ತದೆ. ಬಿಸಿಲು ಏರುವ ಹೊತ್ತಿಗೆ ಸರಿಯಾಗಿ ನೆರಳು ರೆಡಿ. ಜಾಗ ಇದ್ದ ಕಡೆ ಆಲ, ಅರಳಿ, ಬಸರಿ ಹಾಕಿ. ಕರೆಂಟ್ ತಂತಿ ಇರುವ ಬದಿಗೆ ದೊಡ್ಡ ಮರ ನೆಟ್ಟು ಆಮೇಲೆ ಪ್ರತಿ ವರ್ಷ ತಲೆ ಕಡಿಯುವುದು ಬೇಡ, ಮೊದಲೇ ನೋಡಿ ಆ ಬದಿಗೆ ಸಣ್ಣ ಜಾತಿ ಹಾಕಿ.

ಈಗ ಇರುವ ಮರಗಳನ್ನು ದಯವಿಟ್ಟು ಉಸಿರಾಡೋಕೆ ಬಿಡಿ. ನಮ್ಮ ಓಣಿ ತುದಿಯಲ್ಲಿ ಒಂದು ಹಳೆಯ ಬೇವಿನ ಮರ ಇದೆ. ಟೈಲ್ಸ್ ಹಾಕುವಾಗ ಬುಡದವರೆಗೂ ಸಿಮೆಂಟ್ ಬಳಿದಿದ್ದರು. ಮರ ದಪ್ಪ ಆಗುತ್ತಾ ಬಂದು ಸಿಮೆಂಟಿನ ಅಂಚು ತೊಗಟೆಯೊಳಗೆ ಹೋಗಿ ಗಾಯ ಆಗಿದೆ. ಮೇಲೆ ಯಾರೋ ಬೋರ್ಡ್ ಹೊಡೆದ ಮೊಳೆಗಳು. ಒಂದು ಬದಿಯ ಕೊಂಬೆಗಳು ಒಣಗಿವೆ, ಇನ್ನೊಂದು ಬದಿಯ ನೆರಳಲ್ಲಿ ಈಗಲೂ ಚಪ್ಪಲಿ ಹೊಲಿಯುವವರು ಒಬ್ಬರು, ಪಂಕ್ಚರ್ ಹಾಕುವವರು ಒಬ್ಬರು ಬದುಕು ನಡೆಸುತ್ತಿದ್ದಾರೆ. ಒಂದು ಹಾರೆ, ಅರ್ಧ ದಿನದ ಕೆಲಸ. ಬುಡದ ಸುತ್ತ ಒಂದು ಮೀಟರಾದರೂ ಮಣ್ಣು ಬಿಡಿಸಿಕೊಡಿ. ಊರಿನ ಎಲ್ಲ ಮರಗಳಿಗೂ ಇದನ್ನೇ ಕೇಳುತ್ತೇವೆ.

ಮರ ಬೆಳೆಯೋಕೆ ಐದಾರು ವರ್ಷ ಬೇಕು. ಅಲ್ಲಿಯವರೆಗೆ? ಪುದುಚೇರಿಯಲ್ಲಿ 2024ರ ಬೇಸಿಗೆಯಲ್ಲಿ ಸಿಗ್ನಲ್‌ಗಳ ಮೇಲೆ ಹಸಿರು ನೆಟ್ ಕಟ್ಟಿದ್ದರು, ನಿಂತ ಬೈಕಿನವರಿಗೆ ನೆರಳಾಯಿತು. ನಮ್ಮಲ್ಲಿ ತರಕಾರಿ ಸಸಿ ಬೆಳೆಸುವವರೂ ಅದೇ ನೆಟ್ ಬಳಸುತ್ತಾರೆ, ದುಬಾರಿ ಏನಲ್ಲ. ಮಾರ್ಚ್‌ನಿಂದ ಜೂನ್‌ವರೆಗೆ ಬಸ್ಸಿಗೆ ಕಾಯುವ ಕಡೆ, ಕಾಯಿಪಲ್ಯೆ ಮಾರುವ ಕಡೆ ಕಟ್ಟಿ. ಅಹಮದಾಬಾದಿನವರು 2010ರ ಬಿಸಿಗಾಳಿಯಲ್ಲಿ ತುಂಬಾ ಜನರನ್ನು ಕಳೆದುಕೊಂಡ ಮೇಲೆ 2013ರಲ್ಲಿ ಬಿಸಿಲಿಗೇ ಅಂತ ಊರಿನ ಕ್ರಿಯಾಯೋಜನೆ ಮಾಡಿಕೊಂಡರು. ನಮಗೆ ಅಷ್ಟು ದೊಡ್ಡದು ಬೇಡ, ಎರಡು ಪುಟದ್ದು ಸಾಕು. ಅರವಟ್ಟಿಗೆ ಎಲ್ಲಿ, ನೆಟ್ ಎಲ್ಲಿ, ಪೌರಕಾರ್ಮಿಕರ ಕೆಲಸ ಎಷ್ಟು ಗಂಟೆಗೆ ಮುಗಿಯಬೇಕು. ಇಷ್ಟು ಫೆಬ್ರುವರಿಯಲ್ಲೇ ತೀರ್ಮಾನ ಆಗಲಿ.

ಉದ್ಯಾನಗಳ ಬಗ್ಗೆ ಒಂದೇ ಮಾತು. ಬೆಳಿಗ್ಗೆ, ಸಂಜೆ ವಾಕಿಂಗ್ ಮಾಡುವವರಿಗೆ ಬಾಗಿಲು ತೆರೆದು, ನೆರಳು ಬೇಕಾದ ಮಧ್ಯಾಹ್ನ ಬೀಗ ಹಾಕುವ ಪದ್ಧತಿ ಬಿಡಿ.

ಕೂರುವ ಕಟ್ಟೆಯ ಬಗ್ಗೆಯೂ ಹೇಳಬೇಕು. ನಮ್ಮ ಹಳ್ಳಿಗಳಲ್ಲಿ ಅಗಸಿ ಮುಂದೆ ಬೇವಿನ ಮರ, ಅದರ ಕೆಳಗೆ ಕಟ್ಟೆ ಇರುತ್ತಿತ್ತು, ಈಗಲೂ ಇದೆ. ಅದನ್ನು ನೆನೆದು ನಾವೆಲ್ಲ ಖುಷಿ ಪಡುತ್ತೇವೆ. ಆದರೆ ಆ ಕಟ್ಟೆ ಮೇಲೆ ಹೆಣ್ಣುಮಕ್ಕಳು ಕೂರುತ್ತಿರಲಿಲ್ಲ, ಕೇರಿಯವರನ್ನು ಕೂರಲು ಬಿಡುತ್ತಿರಲಿಲ್ಲ. ಈ ಮನವಿಗೆ ಸಹಿ ಹಾಕಿದವರಲ್ಲೇ ಅದನ್ನು ಅನುಭವಿಸಿದವರು ಇದ್ದಾರೆ. ನಗರಸಭೆ ಕಟ್ಟುವ ಕಟ್ಟೆ ಯಾರ ಮನೆ ಮುಂದಿನದೂ ಆಗಬಾರದು, ಯಾವ ಗುಂಪಿನದೂ ಆಗಬಾರದು. ಬೆಳಕು ಇರುವ ಕಡೆ, ಜನ ಓಡಾಡುವ ಕಡೆ ಕಟ್ಟಿ. ಹಳ್ಳಿಗೆ ಹೋಗುವ ಕಾಲೇಜು ಹುಡುಗಿಯರು ಸಂಜೆ ಬಸ್ಸಿಗೆ ಕಾಯುವಾಗ ಗೋಡೆಗೆ ಒರಗಿ ಗುಂಪಾಗಿ ನಿಂತಿರುತ್ತಾರೆ, ಯಾಕೆ ಅಂದರೆ ಕೂರುವ ಕಲ್ಲುಗಳೆಲ್ಲ ಗಂಡಸರಿಂದ ತುಂಬಿರುತ್ತವೆ. ಅಲ್ಲೇ ಹತ್ತಿರ ಹೆಣ್ಣುಮಕ್ಕಳಿಗೆ ನೀರಿರುವ, ಒಳಗಿನಿಂದ ಚಿಲಕ ಬೀಳುವ ಶೌಚಾಲಯ ಬೇಕು. ಸಂತೆಗೆ ಬರುವ ಅಕ್ಕಂದಿರು ಶೌಚಾಲಯ ಇಲ್ಲ ಅಂತ ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ. ನಾಲ್ವತ್ತು ಡಿಗ್ರಿ ಬಿಸಿಲಲ್ಲಿ ನೀರು ಕುಡಿಯದೆ ಇರುವುದು ಅಂದರೆ ಏನು ಅಂತ ಯೋಚನೆ ಮಾಡಿ.

ಒಂದು ಭಯವೂ ಇದೆ, ಅದನ್ನು ಮುಚ್ಚಿಡಲ್ಲ. ಫುಟ್‌ಪಾತ್ ಸರಿ ಮಾಡಿ ಅಂದರೆ ಮಾರನೇ ದಿನ ತಳ್ಳುಬಂಡಿಗಳನ್ನು ಎತ್ತಿಸುತ್ತಾರೆ. ನಾವು ಕೇಳುತ್ತಿರುವುದು ಅದಲ್ಲ. ಒಗ್ಗರಣೆ ಮಿರ್ಚಿ ಬಂಡಿ, ಹೂವಿನ ಬುಟ್ಟಿ, ಹಣ್ಣಿನ ಬಂಡಿ ಇರುವುದರಿಂದಲೇ ರಾತ್ರಿ ಎಂಟರ ನಂತರವೂ ನಮ್ಮ ಹೆಣ್ಣುಮಕ್ಕಳು ಆ ರಸ್ತೆಯಲ್ಲಿ ಧೈರ್ಯವಾಗಿ ಬರುತ್ತಾರೆ. ಬೀದಿ ವ್ಯಾಪಾರಿಗಳ 2014ರ ಕಾಯ್ದೆ ಪ್ರಕಾರ ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ 40 ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಆ ಸಮಿತಿಯ ಮುಂದೆ ಈ ದಾರಿಯ ನಕ್ಷೆ ಇಡಿ. ನಡೆಯೋಕೆ ಇಷ್ಟು, ಬಂಡಿಗೆ ಇಷ್ಟು, ಮರಕ್ಕೆ ಇಷ್ಟು ಅಂತ ಗೆರೆ ಹಾಕಿ. ಜಾಗ ಸಾಲದಿದ್ದರೆ ಬೈಕು, ಕಾರು ನಿಲ್ಲಿಸುವ ಜಾಗ ಕಡಿಮೆ ಆಗಲಿ. ನಮ್ಮಲ್ಲೂ ಬೈಕ್ ಇರುವವರು ಇದ್ದಾರೆ, ಅವರೂ ಇದಕ್ಕೆ ಒಪ್ಪಿಯೇ ಸಹಿ ಹಾಕಿದ್ದಾರೆ.

ಹಣ ಎಲ್ಲಿದೆ ಅಂತ ನೀವು ಕೇಳಬಹುದು. ಈ ದಾರಿಯಲ್ಲಿ ಹೇಗೂ ಗಟಾರು ರಿಪೇರಿ, ಪೈಪ್‌ಲೈನ್, ಡಾಂಬರು ಆಗುತ್ತಲೇ ಇರುತ್ತದೆ. ಅಗೆದಾಗಲೇ ಇವನ್ನೂ ಸೇರಿಸಿ, ಎರಡು ಸಲ ಅಗೆಯುವುದು ತಪ್ಪುತ್ತದೆ. ಉಳಿದದ್ದಕ್ಕೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಪ್ರಸ್ತಾವನೆ ಕಳಿಸಿ, ನಾವು ಶಾಸಕರನ್ನೂ ಕಂಡು ಕೇಳುತ್ತೇವೆ.

ಮಾನ್ಯರೇ, ಈ ಮನವಿಯನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಇಟ್ಟು ಚರ್ಚೆ ಮಾಡಿ ನಮಗೆ ಲಿಖಿತ ಉತ್ತರ ಕೊಡಿ ಅಂತ ಕೇಳಿಕೊಳ್ಳುತ್ತೇವೆ. ಅದಕ್ಕೂ ಮೊದಲು ಒಂದು ದಿನ ಸ್ಥಳ ಪರಿಶೀಲನೆಗೆ ಬನ್ನಿ. ಬೆಳಿಗ್ಗೆ ಏಳಕ್ಕೆ ಬೇಡ, ಮಧ್ಯಾಹ್ನ ಒಂದು ಗಂಟೆಗೆ ಬನ್ನಿ, ಜೀಪು ಬಸ್ ನಿಲ್ದಾಣದ ಹತ್ತಿರ ಬಿಟ್ಟು ಗವಿಮಠದವರೆಗೆ ನಮ್ಮ ಜೊತೆ ನಡೆಯಿರಿ. ಎಲ್ಲಿ ಮರ ಬೇಕು, ಎಲ್ಲಿ ಕಟ್ಟೆ ಬೇಕು ಅಂತ ಸುಣ್ಣದಲ್ಲಿ ಗುರುತು ಹಾಕುತ್ತಾ ಹೋಗೋಣ. ಕುಡಿಯುವ ನೀರು ನಾವು ತರುತ್ತೇವೆ. ದಿನಾಂಕ ತಿಳಿಸಿ.

ಇಂತಿ ತಮ್ಮ ವಿಶ್ವಾಸಿಗಳು,
ಕೊಪ್ಪಳದ ನಿವಾಸಿಗಳು
(ಸಹಿಗಳ ಹಾಳೆ ಲಗತ್ತಿಸಿದೆ)