ಯುಗಾದಿ ಬೇಟೆ ಬಗ್ಗೆ ಒಂದು ಸೂಚನೆ

ಎಲ್ಲರಿಗೂ ನಮಸ್ಕಾರ್ರಿ.

ಯುಗಾದಿ ಹತ್ತಿರ ಬಂತು. ಹಬ್ಬದ ಮರುದಿನ ನಾಯಿ, ಬಲೆ ತಗೊಂಡು ಮೊಲದ ಬೇಟೆಗೆ ಹೋಗುವ ಮಾತು ಊರಲ್ಲಿ ಕೇಳಿಬರುತ್ತಿದೆ. ದಯವಿಟ್ಟು ಯಾರೂ ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಮೊಲ ಹಿಡಿಯುವುದು, ಕೊಲ್ಲುವುದು, ಅದರ ಮಾಂಸ ಮಾರುವುದು ಎಲ್ಲವೂ ಅಪರಾಧ. "ನಮ್ಮಜ್ಜನ ಕಾಲದಿಂದ ನಡೆದು ಬಂದಿದೆ" ಅಂತ ಹೇಳಿದರೆ ಕೇಸು ತಪ್ಪೋದಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ವಾದಕ್ಕೆ ನಿಲ್ಲುವುದು ಬೇಡ. ಹಬ್ಬಕ್ಕೆ ಜವಾರಿ ಕೋಳಿ ಸಾರು, ರೊಟ್ಟಿ ಮಾಡಿದರೆ ಸಾಕಲ್ವಾ?

ಹೊಲಕ್ಕೆ ಹೋಗುವವರಿಗೆ ಇನ್ನೊಂದು ಮಾತು. ನಮ್ಮ ಕೊಪ್ಪಳ ಸೀಮೆಯ ಕಾಡುಮೊಲ ಬಿಲ ತೋಡುವುದಿಲ್ಲ. ಹಗಲೆಲ್ಲ ಹುಲ್ಲಿನ ಮರೆಯಲ್ಲಿ, ಬದುವಿನ ಪೊದೆಯಲ್ಲಿ ಮಣ್ಣಿನ ಬಣ್ಣಕ್ಕೆ ಬೆರೆತು ಕೂತಿರುತ್ತದೆ. ಸಂಜೆ ಆದಮೇಲೆ ಮೇಯೋಕೆ ಹೊರಡುತ್ತದೆ. ಮರಿ ಹುಟ್ಟುವಾಗಲೇ ಮೈತುಂಬ ಕೂದಲು ಇರುತ್ತದೆ, ಕಣ್ಣೂ ತೆರೆದಿರುತ್ತದೆ. ತಾಯಿ ಹಾಲು ಕುಡಿಸಿ ದೂರ ಹೋಗಿರುತ್ತದೆ, ಆಮೇಲೆ ಮತ್ತೆ ಬರುತ್ತದೆ. ಒಂಟಿ ಮರಿ ಕಂಡರೆ ಪಾಪ ಅಂತ ಮನೆಗೆ ತರಬೇಡಿ, ಅಲ್ಲೇ ಬಿಡಿ. ಮಕ್ಕಳಿಗೂ ಹೇಳಿ. ಬದುವಿನ ಹುಲ್ಲಿಗೆ ಬೆಂಕಿ ಹಚ್ಚಬೇಡಿ. ನಾಯಿಗಳನ್ನು ಕಟ್ಟಿಹಾಕಿ.

ಗಾಯಗೊಂಡ ಮೊಲ ಕಂಡರೆ, ಎಲ್ಲಾದರೂ ಉರುಲು ಹಾಕಿದ್ದು ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ನೀವೇ ಜಗಳಕ್ಕೆ ಇಳಿಯಬೇಡಿ.

ಭಾನುವಾರ ಬೆಳಿಗ್ಗೆ 8ಕ್ಕೆ ಹನುಮಪ್ಪನ ಗುಡಿ ಕಟ್ಟೆ ಮೇಲೆ ಸೇರೋಣ. ಬೇಟೆ ಬಿಟ್ಟು ಹುಡುಗರಿಗೆ ಕಬಡ್ಡಿ ಆಡಿಸುವ ಬಗ್ಗೆ ಅಲ್ಲಿ ಮಾತಾಡೋಣ. ಹಿರಿಯರು ಖಂಡಿತ ಬರಬೇಕು, ನಿಮ್ಮ ಮಾತನ್ನೇ ಹುಡುಗರು ಕೇಳುತ್ತಾರೆ. ಬರುವವರು ಶನಿವಾರ ರಾತ್ರಿಯೊಳಗೆ ಇಲ್ಲೇ "ಬರ್ತೀನಿ" ಅಂತ ಹಾಕಿ.