ನಿನ್ನ ನೇಮಕಾತಿ ಪತ್ರ ಎಲ್ಲಿದೆ?

ಶಿರಸಿ

ಚಿರಂಜೀವಿ ಕೂಸಿಗೆ ಅತ್ತೆಯ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ.

ನಿನ್ನ ಜೊತೆ ವಿಮೆಯ ಗ್ರಾಹಕರಿಗೆ ಕನ್ನಡದಲ್ಲಿ ಉತ್ತರ ಬರೆಯುತ್ತಿದ್ದ ಆರು ಜನರಲ್ಲಿ ಮೂವರನ್ನು ಮನೆಗೆ ಕಳುಹಿಸಿದರಂತೆ, ಆ ಉತ್ತರಗಳನ್ನು ಈಗ ಕಂಪ್ಯೂಟರೇ ಬರೆಯುತ್ತದಂತೆ. ನಿನ್ನ ಅಪ್ಪ ಬಂದು ಹೇಳಿದ. ನೀನು ಸಾಲ ಮಾಡಿ ಇನ್ನೊಂದು ಕೋರ್ಸ್ ಸೇರುವ ವಿಚಾರದಲ್ಲಿದ್ದೀಯಂತೆ. ದುಡ್ಡು ಕಟ್ಟುವ ಮೊದಲು ಇದನ್ನು ಓದು.

ನಾನು ಬೆರಳಚ್ಚುಗಾರ್ತಿಯಾಗಿದ್ದದ್ದು ನಿನಗೆ ಗೊತ್ತು. ಆ ಕೆಲಸ ಹೋದದ್ದು ಹೇಗೆಂದು ಯಾರಿಗೂ ಸರಿಯಾಗಿ ಹೇಳಿಲ್ಲ. ಕನ್ನಡದ ಯಂತ್ರದಲ್ಲಿ ಒತ್ತಕ್ಷರ ಅಕ್ಷರದ ಕೆಳಗೆ ಸರಿಯಾಗಿ ಕೂರುವಂತೆ ಹೊಡೆಯಲು ತಿಂಗಳುಗಟ್ಟಲೆ ಕೈ ಪಳಗಿಸಿದ್ದೆ. ಸ್ಟೆನ್ಸಿಲ್ ಹೊಡೆಯುವಾಗ ರಿಬ್ಬನ್ ಸರಿಸಬೇಕು, ತಪ್ಪಿದರೆ ದ್ರವ ಹಚ್ಚಿ, ಊದಿ, ಒಣಗುವವರೆಗೆ ಕಾಯಬೇಕು. ನಾವು ನಾಲ್ವರಿದ್ದೆವು: ಇಬ್ಬರು ಕಾಯಂ, ಇಬ್ಬರು ದಿನಗೂಲಿ. ಕಂಪ್ಯೂಟರ್ ಬಂತು, ಅದರಲ್ಲಿ ಕನ್ನಡ ಬರೆಯುವ ‘ನುಡಿ’ ತಂತ್ರಾಂಶ ಬಂತು. ಕಾಯಂ ಇದ್ದ ನಮ್ಮಿಬ್ಬರಿಗೆ ತರಬೇತಿ ಕೊಟ್ಟು ಬೇರೆ ಮೇಜಿಗೆ ಹಾಕಿದರು. ದಿನಗೂಲಿಯವರಿಗೆ ಮುಂದಿನ ತಿಂಗಳಿನಿಂದ ಬರುವುದು ಬೇಡ ಎಂದರು. ಅವರಲ್ಲೊಬ್ಬಳ ಕೈ ನನಗಿಂತ ಚುರುಕು, ತಪ್ಪು ನನಗಿಂತ ಕಡಿಮೆ. ಕೊನೆಯ ದಿನ ಅವಳು ತನ್ನ ಯಂತ್ರಕ್ಕೆ ಹೊದಿಕೆ ಹಾಕಿ, ಅದರ ಮೂಲೆಗಳನ್ನು ಎಳೆದು ಸರಿಮಾಡಿ ಹೋದಳು. ನನ್ನನ್ನು ಉಳಿಸಿದ್ದು ಜಾಣತನವಲ್ಲ ಕೂಸೇ, ನಾನು ಕಾಯಂ ಎಂದು ಬರೆದಿದ್ದ ಆದೇಶ ಪತ್ರ. ಅದಕ್ಕೇ ‘ಹೊಸದು ಕಲಿತರೆ ಎಲ್ಲ ಸರಿಹೋಗುತ್ತದೆ’ ಎನ್ನುವವರ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ.

ನಮ್ಮ ಅಡಿಕೆ ತೋಟದ ಕಡೆ ನೋಡು. ನಾನು ನಿನ್ನ ವಯಸ್ಸಿನಲ್ಲಿದ್ದಾಗ ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡರು ಮರದ ತುದಿಯಲ್ಲಿ ಜೀಕಿ ಇನ್ನೊಂದು ಮರಕ್ಕೆ ದಾಟುತ್ತಿದ್ದರು; ಕೆಳಗೆ ನಿಂತ ನಮಗೇ ಎದೆ ಝಲ್ ಎನ್ನುತ್ತಿತ್ತು. ಅವರ ಮಕ್ಕಳು ಓದಿದರು, ಮರ ಹತ್ತಲಿಲ್ಲ. ಒಳ್ಳೆಯದೇ ಆಯಿತು. ಬಿದ್ದು ಸೊಂಟ ಮುರಿದುಕೊಂಡವರನ್ನು ನಾನು ಕಂಡಿದ್ದೇನೆ. ಈಗ ನೆಲದ ಮೇಲೆ ನಿಂತು ಫೈಬರ್ ದೋಟಿಯಲ್ಲಿ ಕೊನೆ ಕೊಯ್ಯುತ್ತಾರೆ, ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಜಾಗಕ್ಕೆ ಯಂತ್ರ ಬಂದಿದೆ. ತೋಟದಲ್ಲಿ ಜನ ಹೋದ ಮೇಲೆ ಯಂತ್ರ ಬಂತು. ನಿನ್ನ ಕಚೇರಿಯಲ್ಲಿ ಯಂತ್ರ ಬಂದ ಮೇಲೆ ಜನ ಹೋಗುತ್ತಿದ್ದಾರೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ‘ಕಾಲ ಬದಲಾಯಿತು’ ಎಂದರೆ ನನಗೆ ಸಿಟ್ಟು ಬರುತ್ತದೆ.

ಕಲಿಯಬೇಡ ಎನ್ನುತ್ತಿಲ್ಲ. ಏನು ಕಲಿಯಬೇಕೆಂಬುದನ್ನು ನೋಡಿ ಆರಿಸಿಕೋ. ನಾನು ಮೇಜು ಬದಲಿಸಿದ ಮೇಲೆ ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನ, ಅರ್ಜಿಯೊಂದು ಅಚ್ಚುಕಟ್ಟಾಗಿ ಮುದ್ರಣವಾಗಿ ಬಂತು. ಒಂದು ಅಕ್ಷರವೂ ತಪ್ಪಿರಲಿಲ್ಲ, ಆದರೆ ಜಮೀನಿನ ಪಾಲನ್ನು ಗುರುತಿಸುವ ಹಿಸ್ಸಾ ನಂಬರ್ ಪಕ್ಕದವರದ್ದು. ಆ ಬೆಟ್ಟ ಹಳ್ಳದ ಯಾವ ದಡದಲ್ಲಿದೆ ಎಂದು ಗೊತ್ತಿದ್ದರಿಂದ ನನಗೆ ಅನುಮಾನ ಬಂತು, ಪಹಣಿ ತೆಗೆಸಿ ನೋಡಿದೆ. ಸರ್ಕಾರದ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋದವು. ಕೈಬರಹದ ಪಹಣಿಗಾಗಿ ಅಲೆಯುವುದು ತಪ್ಪಿದ್ದು ರೈತರಿಗೆ ದೊಡ್ಡ ಉಪಕಾರ. ಆದರೂ ಗದ್ದೆಯ ಮೇಲೆ ನಡೆದು ಗೊತ್ತಿದ್ದವರು ಬೇಕಾಗುತ್ತಾರೆ. ನಿನ್ನ ಕಂಪ್ಯೂಟರ್ ಬರೆದ ಉತ್ತರವೂ ಹಾಗೆಯೇ ಸೊಗಸಾಗಿರಬಹುದು. ವಿಮೆ ಏಕೆ ತಿರಸ್ಕಾರವಾಯಿತು, ಯಾವ ಷರತ್ತಿನ ಕೆಳಗೆ ಮರುಅರ್ಜಿ ಹಾಕಬಹುದು, ಅದನ್ನು ಬೇರುಸಹಿತ ತಿಳಿದುಕೋ. ಬರೆಯುವ ಕೆಲಸ ಹೋದರೂ, ಬರೆದದ್ದು ಸರಿಯೇ ಎಂದು ನೋಡಿ ಸಹಿ ಹಾಕುವ ಕೆಲಸ ಬೇಗ ಹೋಗುವುದಿಲ್ಲ. ಅದಕ್ಕೆ ಸಾಲದ ಕೋರ್ಸ್ ಬೇಡ, ನಿನ್ನ ಕಚೇರಿಯ ಹಳೆಯ ಕಡತಗಳೇ ಸಾಕು.

ಇನ್ನು ಕಾಗದಪತ್ರದ ವಿಷಯ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನೇಮಕಾತಿ ಪತ್ರ ಕೊಡುವುದು ಕಡ್ಡಾಯ. ನಿಗದಿತ ಅವಧಿಗೆ ಸೇರಿದವರಿಗೂ ಒಂದು ವರ್ಷದ ಸೇವೆಗೆ ಗ್ರಾಚ್ಯುಟಿ ಸಿಗುತ್ತದೆ. ಅದೇ ವರ್ಷ ನಮ್ಮ ರಾಜ್ಯ ಆ್ಯಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗೂ ಕಾಯ್ದೆ ಮಾಡಿತು. ಆ್ಯಪ್ ಕಂಪನಿಗಳು ಅವರ ಸಂಭಾವನೆಯ ಶೇ 1ರಿಂದ 5ರಷ್ಟನ್ನು ಕಲ್ಯಾಣ ಶುಲ್ಕವಾಗಿ ಕಟ್ಟಬೇಕು. ಆ ದಿನಗೂಲಿ ಹುಡುಗಿಗೆ ಇಂಥದ್ದೊಂದು ಇದ್ದಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ನೀನು ಕೆಲಸಕ್ಕೆ ಸೇರಿದಾಗ ಮೊಬೈಲಿನಲ್ಲೇ ಏನೋ ಒಪ್ಪಿಗೆ ಒತ್ತಿದ್ದೆ ಎಂದಿದ್ದೆಯಲ್ಲ, ಅದನ್ನು ಹುಡುಕಿ ತೆಗೆ. ಕಾಯಂ ಎಂದಿದೆಯೇ, ಗುತ್ತಿಗೆ ಎಂದಿದೆಯೇ, ತೆಗೆಯುವುದಾದರೆ ಎಷ್ಟು ದಿನದ ನೋಟಿಸ್, ಪಿಎಫ್ ಕಟ್ಟುತ್ತಿದ್ದಾರೆಯೇ, ಎಲ್ಲ ನೋಡು. ಮನೆಗೆ ಹೋದ ಆ ಮೂವರಿಗೂ ಫೋನ್ ಮಾಡು; ಅವರಿಗೆ ಬರಬೇಕಾದ ಬಾಕಿ ಬಂದಿದೆಯೇ ಕೇಳು. ನಾಚಿಕೊಳ್ಳಬೇಡ, ನಾನು ಅಂದು ಕೇಳದೆ ಉಳಿದವಳು.

ದೀಪಾವಳಿಯ ದೊಡ್ಡಹಬ್ಬಕ್ಕೆ ಬರುವಾಗ ಆ ಪತ್ರದ ಪ್ರತಿ ತಾ. ಕನ್ನಡಕ ಹಾಕಿಕೊಂಡು ಇಬ್ಬರೂ ಜಗಲಿಯಲ್ಲಿ ಕೂತು ಒಂದೊಂದು ಸಾಲೂ ಓದೋಣ.

ಇಂತಿ,
ನಿನ್ನ ಅತ್ತೆ